ಪೆಟ್ಟಿಗೆಯಲ್ಲಿಲ್ಲದ ಹಾಡು



ಕಳೆದ ಕಾರ್ತಿಕ ಮಾಸದಲ್ಲಿ ರಾಮನಗರದ ಸಮೀಪದ ಕೂಟಗಲ್ಲಿಗೆ ಹೋಗಿಬರುವ ಅವಕಾಶ ಒದಗಿತು. ಅಲ್ಲಿ ನಮ್ಮ ಸೋದರತ್ತೆಯವರ ಮನೆ. ಹಳೆಯ ತೊಟ್ಟಿಮನೆಯನ್ನು ತೆಗೆದು ಹೊಸದಾಗಿ ಕಟ್ಟಿಸಿದ ತಾರಸಿ ಮನೆಯ ಗೃಹಪ್ರವೇಶಕ್ಕೆ ಬಂಧುಬಳಗವೆಲ್ಲ ಸೇರಿತ್ತು. ಸುತ್ತಲೂ ಬಂಡೆಗಲ್ಲಿನ ಬೆಟ್ಟಗಳು, ನಡುವೆ ಹಿಪ್ಪುನೇರಳೆ ತೋಟಗಳು. ನಾವು ಚಿಕ್ಕವರಿದ್ದಾಗ ಆ ತೊಟ್ಟಿಮನೆಯ ಪಡಸಾಲೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ರಾತ್ರಿಯ ಹೊತ್ತು ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹನಿದಂತೆ ಕೇಳಿಸುತ್ತಿತ್ತು. ಆ ಸದ್ದಿನೊಡನೆ ಅತ್ತೆಯವರು ಸೊಪ್ಪು ಹೆಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ ಹಾಡುಗಳೂ ಕಿವಿಗೆ ಬೀಳುತ್ತಿದ್ದವು. ಆ ಹಾಡುಗಳ ಅರ್ಥ ನಮಗೆ ಆಗ ತಿಳಿಯುತ್ತಿರಲಿಲ್ಲ. ಕೇಳುತ್ತ ಕೇಳುತ್ತ ನಿದ್ರೆ ಬಂದುಬಿಡುತ್ತಿತ್ತು.

ಪೂಜೆ, ಪ್ರಸಾದಗಳೆಲ್ಲ ಮುಗಿದ ಬಳಿಕ ಸಂಜೆ ಅಂಗಳದಲ್ಲಿ ಹಾಡಿನ ಕಾರ್ಯಕ್ರಮವೊಂದು ಏರ್ಪಾಡಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅತ್ತೆಯವರ ಮೊಮ್ಮಗ ಕರೋಕೆ ಪೆಟ್ಟಿಗೆಯೊಂದನ್ನೂ ಎರಡು ಮೈಕುಗಳನ್ನೂ ತಂದಿದ್ದನು. ಓದುಗರಲ್ಲಿ ಅನೇಕರು ಇದನ್ನು ಈಗಾಗಲೇ ಮದುವೆ ಮನೆಗಳಲ್ಲಿಯೋ ಹುಟ್ಟುಹಬ್ಬಗಳಲ್ಲಿಯೋ ಕಂಡಿರುತ್ತೀರಿ. ಗಾಯಕರ ಧ್ವನಿಯನ್ನು ಬಿಟ್ಟು ಬರಿಯ ವಾದ್ಯಗಳ ಹಿನ್ನೆಲೆ ಮಾತ್ರ ಪೆಟ್ಟಿಗೆಯಿಂದ ಕೇಳಿಬರುತ್ತದೆ. ಹಾಡಿನ ಸಾಲುಗಳು ಫೋನಿನಲ್ಲಿಯೋ ಟಿ.ವಿ. ಪರದೆಯಲ್ಲಿಯೋ ಒಂದೊಂದಾಗಿ ಮೂಡುತ್ತವೆ. ಹಾಡುವವರು ನೋಡಿಕೊಂಡು ಹಾಡಬೇಕು.

ಮೊದಲ ಒಂದು ಗಂಟೆ ಬಹಳ ಉಲ್ಲಾಸದಿಂದ ಕಳೆಯಿತು. ಎಂದೂ ಹತ್ತು ಜನರ ಮುಂದೆ ಬಾಯಿ ಬಿಡದ ನಮ್ಮ ಸೊಸೆಯೊಬ್ಬಳು ಮೈಕು ಹಿಡಿದು 'ಎರಡು ಕನಸು' ಚಿತ್ರದ ಹಾಡೊಂದನ್ನು ತಪ್ಪಿಲ್ಲದೆ ಹಾಡಿ ಎಲ್ಲರನ್ನೂ ಬೆರಗುಗೊಳಿಸಿದಳು. 'ಬಂಗಾರದ ಮನುಷ್ಯ', 'ನಾಗರಹಾವು', 'ಪ್ರೇಮಲೋಕ', 'ಮುಂಗಾರು ಮಳೆ' ಹೀಗೆ ಒಂದೊಂದು ತಲೆಮಾರಿನವರು ತಮ್ಮ ತಮ್ಮ ಕಾಲದ ಚಿತ್ರಗೀತೆಗಳನ್ನು ಹಾಡಿದರು. ಆದರೆ ಎರಡನೆಯ ಗಂಟೆಗೆ ಕಾಲಿಡುವಷ್ಟರಲ್ಲಿ ಹಾಡಿದ ಹಾಡುಗಳೇ ಮತ್ತೆ ಬರತೊಡಗಿದವು. ಹಿರಿಯರೊಬ್ಬರು 1954ರ 'ಬೇಡರ ಕಣ್ಣಪ್ಪ' ಚಿತ್ರದ ಹಾಡು ಬೇಕೆಂದರು. ಹುಡುಗ ಹುಡುಕಿದ, ಸಿಗಲಿಲ್ಲ. ಇನ್ನೊಬ್ಬರು ಭಾವಗೀತೆಯೊಂದನ್ನು ಕೇಳಿದರು. ಅದು ಸಿಕ್ಕಿತು, ಆದರೆ ಅವರ ದನಿಗೆ ಎಟುಕದ ಶ್ರುತಿಯಲ್ಲಿತ್ತು. ಮಗುವೊಂದು ಶಾಲೆಯಲ್ಲಿ ಕಲಿತ ವಚನ ಹಾಡುತ್ತೇನೆಂದಿತು. ಆ ವಚನಕ್ಕೆ ಟ್ರ್ಯಾಕ್ ಇರಲಿಲ್ಲ. ಬೇರೆ ಎರಡು ಮೂರು ವಚನಗಳಿಗೆ ಇತ್ತು, ಅವು ಮಗುವಿಗೆ ಬಾರವು.

ಕೊನೆಗೆ ಎಲ್ಲರೂ ಅತ್ತೆಯವರನ್ನು ಒತ್ತಾಯಿಸಿದರು. ಎಂಬತ್ತೆರಡು ವರ್ಷದ ಅವರು ಊರಿನ ಸೋಮವಾರದ ಭಜನೆಯಲ್ಲಿ ಐವತ್ತು ವರ್ಷ ಹಾಡಿದವರು. ಸೆರಗು ಸರಿಪಡಿಸಿಕೊಂಡು ಕುಳಿತು, ಸರ್ಪಭೂಷಣ ಶಿವಯೋಗಿಗಳ ಒಂದು ಪದ ಹೇಳುತ್ತೇನೆಂದರು. ಮೊಮ್ಮಗ ಅದರ ಮೊದಲ ಸಾಲನ್ನು ಕೇಳಿಕೊಂಡು ಫೋನಿನಲ್ಲಿ ಬಹಳ ಹೊತ್ತು ಹುಡುಕಿದನು.

“ಅಜ್ಜೀ, ನಿನ್ನ ಹಾಡು ಇದರಲ್ಲಿ ಇಲ್ಲ. ಬೇರೆ ಯಾವುದಾದರೂ ಹೇಳು.”

ಅತ್ತೆಯವರು ಬೇಸರಪಟ್ಟುಕೊಳ್ಳಲಿಲ್ಲ. ಎಲ್ಲರಿಗೂ ಪರಿಚಿತವಾದ ಚಲನಚಿತ್ರದ ಭಕ್ತಿಗೀತೆಯೊಂದನ್ನು ಹುಡುಗ ಹಾಕಿದಾಗ ಅದನ್ನೇ ಆರಂಭಿಸಿದರು. ಆದರೆ ಮೊದಲ ಚರಣಕ್ಕೆ ಬರುವಷ್ಟರಲ್ಲಿ ಅವರು ಹಿಂದುಳಿದರು, ವಾದ್ಯಗಳು ಮುಂದೆ ಹೋದವು. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡು ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ಸಾಲು ಬಂದು ಹೋಗಿತ್ತು. ಅವರು ನಗುತ್ತಲೇ ಮೈಕನ್ನು ಮೊಮ್ಮಗನ ಕೈಗೆ ಕೊಟ್ಟು, “ಈ ಪೆಟ್ಟಿಗೆ ನನಗೆ ಕಾಯೋದಿಲ್ಲ ಮಗಾ” ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಮಾತು ಮತ್ತೆ ಮತ್ತೆ ನೆನಪಿಗೆ ಬಂತು. ಆ ಪದವನ್ನು ಅವರ ಧಾಟಿಯಲ್ಲಿ ಬಲ್ಲವರು ಊರಿನಲ್ಲಿ ಈಗ ಅವರೊಬ್ಬರೇ. ಜೊತೆಯಲ್ಲಿ ಹಾಡುತ್ತಿದ್ದ ಇಬ್ಬರು ಲಿಂಗೈಕ್ಯರಾಗಿದ್ದಾರೆ. ಪೆಟ್ಟಿಗೆಯಲ್ಲಿ ಇಲ್ಲ ಎಂಬುದೇನೋ ನಿಜ. ಅತ್ತೆಯವರ ಬಳಿಕ ಅದು ಎಲ್ಲಿರುತ್ತದೆ?

ಈ ಕರೋಕೆ ಎಂಬುದು ಹೇಗೆ ಹುಟ್ಟಿತೆಂಬುದನ್ನು ತಿಳಿದರೆ ಅತ್ತೆಯವರ ಮಾತು ಇನ್ನಷ್ಟು ಅರ್ಥಪೂರ್ಣವಾಗಿ ಕಾಣುತ್ತದೆ. 'ಕರೋಕೆ' ಜಪಾನಿ ಭಾಷೆಯ ಪದ. 'ಕರ' ಎಂದರೆ ಖಾಲಿ, 'ಓಕೆ' ಎಂಬುದು ಆರ್ಕೆಸ್ಟ್ರಾ ಎಂಬುದರ ಸಂಕ್ಷಿಪ್ತ ರೂಪ. ಅಂದರೆ ಗಾಯಕನಿಲ್ಲದ ಖಾಲಿ ವಾದ್ಯಮೇಳ. ಜಪಾನಿನ ಕೋಬೆ ನಗರದಲ್ಲಿ ಡೈಸುಕೆ ಇನೌಎ ಎಂಬ ವಾದ್ಯಗಾರರಿದ್ದರು. ಪಾನಗೃಹಗಳಿಗೆ ಬರುವ ಗಿರಾಕಿಗಳು ಹಾಡುವಾಗ ಅವರಿಗೆ ಹಿನ್ನೆಲೆ ನುಡಿಸುವುದು ಅವರ ವೃತ್ತಿ. ಸಣ್ಣ ಕಂಪನಿಯೊಂದರ ಒಡೆಯನು ತಾನು ಪ್ರವಾಸ ಹೋಗುವಾಗ ಜೊತೆಗೆ ಬಂದು ನುಡಿಸಬೇಕೆಂದು ಅವರನ್ನು ಕೇಳಿಕೊಂಡನು. ಇನೌಎ ಅವರಿಗೆ ಹೋಗಲು ಅನುಕೂಲವಿರಲಿಲ್ಲ. ಆತನ ಧ್ವನಿಗೆ, ಆತನ ನಿಧಾನಕ್ಕೆ ಒಪ್ಪುವಂತೆ ಹಿನ್ನೆಲೆಯನ್ನು ನುಡಿಸಿ ಟೇಪಿನಲ್ಲಿ ತುಂಬಿ ಕೊಟ್ಟರು. ಆತನಿಗೆ ಅದರಿಂದ ಬಹಳ ಸಂತೋಷವಾಯಿತು. ಈ ಪ್ರಸಂಗದಿಂದ ಹೊಳೆದ ಯುಕ್ತಿಯಿಂದ ಇನೌಎ ಅವರು 1971ರಲ್ಲಿ ಹನ್ನೊಂದು ಯಂತ್ರಗಳನ್ನು ಮಾಡಿಸಿ ಬಾಡಿಗೆಗೆ ಕೊಟ್ಟರು. ಅದರ ಹಕ್ಕುಸ್ವಾಮ್ಯವನ್ನು ಅವರು ನೋಂದಾಯಿಸಲಿಲ್ಲ. ಫಿಲಿಪೀನ್ಸಿನ ರೊಬೆರ್ಟೊ ದೆಲ್ ರೊಸಾರಿಯೊ ಎಂಬವರು ತಮ್ಮದೇ ಹಾಡುಯಂತ್ರಕ್ಕೆ 1980ರ ದಶಕದಲ್ಲಿ ಪೇಟೆಂಟ್ ಪಡೆದರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಮೊದಲ ಟೇಪು ಒಬ್ಬ ಮನುಷ್ಯನಿಗಾಗಿ ತಯಾರಾಯಿತು. ಅವನ ಕಂಠ ಎಷ್ಟು ಎತ್ತರಕ್ಕೆ ಹೋಗುತ್ತದೆ, ಅವನು ಎಲ್ಲಿ ತಡೆಯುತ್ತಾನೆ ಎಂಬುದನ್ನು ಬಲ್ಲವರು ಅದನ್ನು ನುಡಿಸಿದರು. ವಾದ್ಯವು ಹಾಡುವವನನ್ನು ಅನುಸರಿಸಿತು. ಅದೇ ಯಂತ್ರವು ಲೋಕವ್ಯಾಪಿಯಾದ ಮೇಲೆ ಈ ಸಂಬಂಧ ತಲೆಕೆಳಗಾಯಿತು. ಈಗ ಹಾಡುವವನು ಯಂತ್ರವನ್ನು ಅನುಸರಿಸಬೇಕಾಗಿದೆ. ಯಂತ್ರದಲ್ಲಿ ಇರುವುದನ್ನೇ ಹಾಡಬೇಕು, ಅದು ಹೇಳಿದ ಶ್ರುತಿಯಲ್ಲಿಯೇ ಹಾಡಬೇಕು, ಅದು ಓಡಿದಂತೆ ಓಡಬೇಕು.

ಪೆಟ್ಟಿಗೆಯಲ್ಲಿ ಹಾಡುಗಳು ಇಷ್ಟು ಕಡಿಮೆ ಏಕೆ? 1934ರಲ್ಲಿ ತೆರೆಕಂಡ 'ಸತಿ ಸುಲೋಚನ'ದಿಂದ ಇಂದಿನವರೆಗೆ ಸಾವಿರಾರು ಕನ್ನಡ ಚಿತ್ರಗಳು ಬಂದಿವೆ. ಅವುಗಳಲ್ಲಿ ಹಾಡುಗಳಿಗೆ ಲೆಕ್ಕವಿಲ್ಲ. ಆದರೂ ಹಾಡಲು ಕುಳಿತರೆ ಸುತ್ತಿ ಬಳಸಿ ಅವೇ ಹಾಡುಗಳು ಬರುತ್ತವೆ. ಇದಕ್ಕೆ ಕೆಲವು ಕಾರಣಗಳಿವೆ.

ಮೊದಲನೆಯದು ವ್ಯಾಪಾರದ ಕಾರಣ. ಒಂದು ಹಾಡಿನ ಹಿನ್ನೆಲೆಯನ್ನು ಹೊಸದಾಗಿ ನುಡಿಸಿ ಧ್ವನಿಮುದ್ರಿಸುವುದಕ್ಕೆ ವಾದ್ಯಗಾರರು ಬೇಕು, ಸ್ಟುಡಿಯೋ ಬೇಕು, ಸಾಲುಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸುವವರು ಬೇಕು. ಖರ್ಚು ಮಾಡುವವರು ಹತ್ತು ಸಾವಿರ ಜನ ಹಾಡುವ ಹಾಡನ್ನು ಆರಿಸಿಕೊಳ್ಳುತ್ತಾರೆಯೇ ಹೊರತು ಹತ್ತು ಜನ ಹಾಡುವ ಹಾಡನ್ನಲ್ಲ. ಇದರಲ್ಲಿ ಅವರ ತಪ್ಪನ್ನು ಹುಡುಕಬೇಕಾಗಿಲ್ಲ. ಆದರೆ ಇದರ ಪರಿಣಾಮವೆಂದರೆ, ಪ್ರಸಿದ್ಧವಾದದ್ದು ಮತ್ತಷ್ಟು ಪ್ರಸಿದ್ಧವಾಗುತ್ತದೆ, ಮರೆಯಾಗುತ್ತಿರುವುದು ಮತ್ತಷ್ಟು ಬೇಗ ಮರೆಯಾಗುತ್ತದೆ.

ಎರಡನೆಯದು ತಾಂತ್ರಿಕ ಕಾರಣ. ಹೊಸದಾಗಿ ನುಡಿಸುವ ಬದಲು ಮೂಲ ಧ್ವನಿಮುದ್ರಣದಿಂದಲೇ ಗಾಯಕರ ದನಿಯನ್ನು ತೆಗೆಯುವ ಉಪಾಯವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಎರಡು ವಾಹಿನಿಗಳ ಧ್ವನಿಮುದ್ರಣದಲ್ಲಿ ಗಾಯಕರ ದನಿ ಸಾಮಾನ್ಯವಾಗಿ ನಡುವೆ ಇರುತ್ತದೆ. ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸಮನಾಗಿರುತ್ತದೆ. ಒಂದು ವಾಹಿನಿಯನ್ನು ತಿರುವುಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಸಮನಾದದ್ದು ಅಳಿಸಿಹೋಗಿ ಉಳಿದದ್ದು ಕೇಳಿಸುತ್ತದೆ. ಆದರೆ 1950 ಮತ್ತು 60ರ ದಶಕಗಳ ನಮ್ಮ ಚಿತ್ರಗೀತೆಗಳು ಒಂದೇ ವಾಹಿನಿಯಲ್ಲಿ ಮುದ್ರಿತವಾದವು. ಅಲ್ಲಿ ದನಿಯೂ ವಾದ್ಯವೂ ಹಾಲು ನೀರಿನಂತೆ ಬೆರೆತಿವೆ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಹಳೆಯ ಹಾಡುಗಳ ಟ್ರ್ಯಾಕುಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. 2019ರಲ್ಲಿ ಫ್ರಾನ್ಸಿನ ಡೀಝರ್ ಸಂಸ್ಥೆಯು ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಿತು. ಕಲಿಕೆ ಪಡೆದ ಗಣಕವು ದನಿಯನ್ನು ಗುರುತಿಸಿ ಬೇರ್ಪಡಿಸುತ್ತದೆ. ಅಂತಹ ತಂತ್ರಾಂಶಗಳು ಇಂದು ಹಲವು ಇವೆ. ಹಂಸಕ್ಷೀರ ನ್ಯಾಯದಂತೆ ಪೂರ್ಣವಾಗಿ ಬೇರ್ಪಡದಿದ್ದರೂ ಮನೆಮಟ್ಟಿಗೆ ಹಾಡಿಕೊಳ್ಳಲು ಸಾಲುತ್ತದೆ. ಆದರೆ ಇದಕ್ಕೂ ಮೂಲದಲ್ಲಿ ಒಂದು ಧ್ವನಿಮುದ್ರಣ ಇರಲೇಬೇಕು. ಎಂದೂ ಧ್ವನಿಮುದ್ರಣವೇ ಆಗದ ಅತ್ತೆಯವರ ಪದಕ್ಕೆ ಯಾವ ಗಣಕ ಏನು ಮಾಡೀತು?

ಮೂರನೆಯದು ಹಕ್ಕಿನ ಪ್ರಶ್ನೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಮತ್ತು ಸಂಗೀತ ಸಂಯೋಜಕರ ಹಕ್ಕು ಅವರ ಜೀವಿತಕಾಲದ ನಂತರವೂ 60 ವರ್ಷ ಇರುತ್ತದೆ. ವಚನಗಳು ಹನ್ನೆರಡನೆಯ ಶತಮಾನದವು, ಅವು ಎಲ್ಲರ ಸೊತ್ತು. ಆದರೆ ಒಂದು ವಚನಕ್ಕೆ ನಮ್ಮ ಕಾಲದ ಸಂಯೋಜಕರು ಹೊಸದಾಗಿ ಹಾಕಿದ ಸ್ವರಸಂಯೋಜನೆ ಎಲ್ಲರ ಸೊತ್ತಲ್ಲ. ಮೈಸೂರು ಅನಂತಸ್ವಾಮಿಯವರು 1995ರಲ್ಲಿಯೂ ಸಿ. ಅಶ್ವತ್ಥ್ ಅವರು 2009ರಲ್ಲಿಯೂ ನಮ್ಮನ್ನಗಲಿದರು. ಅವರ ಸಂಯೋಜನೆಗಳಿಗೆ ಟ್ರ್ಯಾಕ್ ಮಾಡಿ ಮಾರಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಇದು ನ್ಯಾಯವೇ ಆಗಿದೆ.

ನಾಲ್ಕನೆಯ ಕಾರಣವು ಹಾಡಿನ ಸ್ವರೂಪಕ್ಕೆ ಸೇರಿದ್ದು. ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಪಟ್ಟದ್ದೂ ಇದೇ. ಚಿತ್ರಗೀತೆಗೆ ನಿರ್ದಿಷ್ಟವಾದ ಅಳತೆ ಇದೆ. ಇಷ್ಟು ನಿಮಿಷ, ಇಂತಹ ಲಯ, ಇಲ್ಲಿ ಪಲ್ಲವಿ, ಇಲ್ಲಿ ನಡುವಿನ ವಾದ್ಯ ಎಂದು ಒಮ್ಮೆ ತೀರ್ಮಾನವಾದರೆ ಮುಗಿಯಿತು. ವಚನ ಹಾಗಲ್ಲ. ಅದು ಛಂದಸ್ಸಿನ ಕಟ್ಟಿಗೆ ಒಳಪಡದ ನುಡಿ. ಒಂದು ಸಾಲು ಗಿಡ್ಡ, ಮತ್ತೊಂದು ಉದ್ದ. ತಾಳಮಾನಗಳನ್ನು ತಾನರಿಯೆನೆಂದು ಬಸವಣ್ಣನವರೇ ಒಂದೆಡೆ ಹೇಳಿಕೊಂಡಿದ್ದಾರೆ. ಹಾಗೆಂದು ವಚನಕ್ಕೂ ಸಂಗೀತಕ್ಕೂ ಸಂಬಂಧವಿಲ್ಲವೆಂದಲ್ಲ. ತಮ್ಮ ಶರೀರವನ್ನೇ ವೀಣೆಯಾಗಿಸಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡಿದವರೂ ಅವರೇ. ವಚನದ ಲಯವು ಮಾತಿನ ಒಳಗಿನಿಂದ ಬರುತ್ತದೆ. ಆದ್ದರಿಂದಲೇ ವಚನಗಾಯನದಲ್ಲಿ ಗಾಯಕರು ತಮ್ಮ ಭಾವಕ್ಕೆ ತಕ್ಕಂತೆ ಒಂದು ಮಾತಿನ ಮೇಲೆ ನಿಲ್ಲುತ್ತಾರೆ, ಇನ್ನೊಂದನ್ನು ಎರಡು ಮೂರು ರೀತಿಯಲ್ಲಿ ಹೇಳಿ ತೋರಿಸುತ್ತಾರೆ. ಪಂಡಿತ ಮಲ್ಲಿಕಾರ್ಜುನ ಮನ್ಸೂರರು, ಪಂಡಿತ ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಾಡಿದಾಗ ಪಕ್ಕವಾದ್ಯದವರು ಅವರ ಮುಖವನ್ನು ನೋಡಿಕೊಂಡು ನುಡಿಸುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಅಲ್ಲಿ ಕಲಿತವರು ಕಣ್ಣಿನಿಂದ ಸಾಲುಗಳನ್ನು ಓದಿ ಹಾಡಿದವರಲ್ಲ, ಕಿವಿಯಿಂದ ಕೇಳಿ ಹಾಡಿದವರು. ಮನ್ಸೂರರ ಗಾಯನವನ್ನು ಟ್ರ್ಯಾಕ್ ಮಾಡಿದರೆ ಅದರೊಡನೆ ಹಾಡಬಲ್ಲವರು ಮನ್ಸೂರರೊಬ್ಬರೇ ಆದಾರು.

ವಚನಗಳ ಸಂಖ್ಯೆಯನ್ನು ನೆನೆದರೆ ನಮ್ಮ ಬಡತನ ಇನ್ನೂ ಸ್ಪಷ್ಟವಾಗುತ್ತದೆ. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಅಲೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳಿವೆ. ಬಸವಣ್ಣನವರವೇ 1400ರಷ್ಟು. ಆದರೆ ಸಭೆ ಸಮಾರಂಭಗಳಲ್ಲಿ ನಾವು ಕೇಳುವ ವಚನಗಳು ಎಷ್ಟು? ಕೈಬೆರಳುಗಳನ್ನು ಎರಡು ಮೂರು ಬಾರಿ ಎಣಿಸಿದರೆ ಮುಗಿಯಬಹುದು. ಈ ಕೊರತೆಗೆ ಪೆಟ್ಟಿಗೆಯೊಂದನ್ನೇ ದೂರುವುದು ಸರಿಯಲ್ಲ. ಪೆಟ್ಟಿಗೆಯು ಕನ್ನಡಿಯಿದ್ದಂತೆ. ನಾವು ಹಾಡುವುದನ್ನು ಬಿಟ್ಟದ್ದರಿಂದಲೇ ಅದರಲ್ಲಿ ಇಲ್ಲ.

ವಚನಗಳಿಗಾದರೂ ಈ ಭಾಗ್ಯವಿದೆ. ಸ್ವರವಚನಗಳ, ತತ್ತ್ವಪದಗಳ ಗತಿ ಇನ್ನೂ ಶೋಚನೀಯ. ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿದ್ದ ನಿಜಗುಣ ಶಿವಯೋಗಿಗಳ 'ಕೈವಲ್ಯ ಪದ್ಧತಿ', ಮುಪ್ಪಿನ ಷಡಕ್ಷರಿಗಳ 'ಸುಬೋಧಸಾರ', ಬೆಂಗಳೂರಿನಲ್ಲಿದ್ದ ಸರ್ಪಭೂಷಣ ಶಿವಯೋಗಿಗಳ 'ಕೈವಲ್ಯ ಕಲ್ಪವಲ್ಲರಿ' ಇವೆಲ್ಲ ಹಾಡುವುದಕ್ಕೆಂದೇ ರಚಿತವಾದವು. ಒಂದು ಕಾಲಕ್ಕೆ ಹಳೆಯ ಮೈಸೂರಿನ ಭಜನೆಯ ಮನೆಗಳಲ್ಲಿ ಇವನ್ನು ಹಾಡದ ಸೋಮವಾರವಿರಲಿಲ್ಲ. ಈ ಪುಸ್ತಕಗಳು ಅಚ್ಚಾಗಿವೆ, ಮಾತುಗಳು ಉಳಿದಿವೆ. ಆದರೆ ಧಾಟಿಯು ಅಚ್ಚಿನಲ್ಲಿ ಬರುವುದಿಲ್ಲ. ಅದು ಒಬ್ಬರ ಕಂಠದಿಂದ ಇನ್ನೊಬ್ಬರ ಕಿವಿಗೆ ಸಾಗಿಬಂದದ್ದು. ಕೇಳುವ ಕಿವಿ ಇಲ್ಲದಿದ್ದರೆ ಕಂಠದೊಡನೆ ಅದೂ ಹೋಗುತ್ತದೆ.

ಜನಪದ ಗೀತೆಗಳ ವಿಷಯದಲ್ಲಿ ಇದನ್ನು ಬಹು ಮೊದಲೇ ಕಂಡುಕೊಂಡವರು ಎಚ್.ಎಲ್. ನಾಗೇಗೌಡರು. ಹಳ್ಳಿ ಹಳ್ಳಿ ಸುತ್ತಿ ಕಲಾವಿದರ ಹಾಡುಗಳನ್ನು ಧ್ವನಿಮುದ್ರಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ಕಟ್ಟಿದರು. ಕೂಟಗಲ್ಲಿನವರಿಗೆ ಅದು ದೂರವಲ್ಲ. ಕನಕಪುರದ ಕಡೆಯಿಂದ ಕಾವೇರಿ ದಾಟಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ಭಕ್ತರು ದಾರಿಯುದ್ದಕ್ಕೂ ಹಾಡಿಕೊಂಡು ಹೋಗುತ್ತಾರೆ. ಕಂಸಾಳೆಯವರು ರಾತ್ರಿಯೆಲ್ಲ ಮಾದಪ್ಪನ ಕಥೆ ಹಾಡುತ್ತಾರೆ. ಇಷ್ಟು ಹಾಡಿನ ನಡುವೆ ಇರುವ ಊರಿನಲ್ಲಿ, ಎರಡನೆಯ ಗಂಟೆಗೇ ಹಾಡುಗಳು ಮುಗಿದುಹೋದವೆಂದರೆ ಅದನ್ನು ಏನೆನ್ನಬೇಕು!

ಇಷ್ಟು ಹೇಳಿದ ಮಾತ್ರಕ್ಕೆ ಕರೋಕೆಯನ್ನು ಮನೆಯಿಂದ ಹೊರಹಾಕಬೇಕೆಂದು ನನ್ನ ಅಭಿಪ್ರಾಯವೆಂದು ಯಾರೂ ಭಾವಿಸಬಾರದು. ಮೇಲೆ ಹೇಳಿದ ಸೊಸೆಯ ವಿಷಯವನ್ನು ಮರೆಯುವಂತಿಲ್ಲ. ಪೆಟ್ಟಿಗೆಯ ಬೆಂಬಲ ಇಲ್ಲದಿದ್ದರೆ ಆಕೆ ಎಂದೆಂದಿಗೂ ಬಾಯಿ ತೆರೆಯುತ್ತಿರಲಿಲ್ಲ. ಮರುದಿನ ಅಡಿಗೆಮನೆಯಲ್ಲಿ ಆಕೆ ಯಾವ ಪೆಟ್ಟಿಗೆಯೂ ಇಲ್ಲದೆ ಗುನುಗುತ್ತಿದ್ದುದನ್ನು ನಾನೇ ಕೇಳಿದೆ. ನಾಲ್ಕು ಜನ ಸೇರಿದ ಕಡೆ ಬರಿಯ ಟಿ.ವಿ. ನೋಡುವುದಕ್ಕಿಂತ ಹಾಡುವುದು ಎಷ್ಟೋ ಮೇಲು. ಪ್ರಶ್ನೆ ಇರುವುದು ಪೆಟ್ಟಿಗೆ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ, ಅದರೊಳಗೆ ಏನನ್ನು ತುಂಬಬೇಕು, ಯಾರು ತುಂಬಬೇಕು ಎಂಬುದರಲ್ಲಿ.

ಈ ಮಾತನ್ನು ನಾನು ಮರುದಿನ ಬೆಳಿಗ್ಗೆ ಅತ್ತೆಯವರ ಮೊಮ್ಮಗನೊಡನೆ ಆಡಿದೆ. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಇಲ್ಲದಿದ್ದರೆ ನಾವೇ ಮಾಡೋಣ” ಎಂದನು. ಆ ಮೇಲೆ ಮೂರು ಭಾನುವಾರ ಊರಿಗೆ ಬಂದು ಅವನು ಮಾಡಿದ ಕೆಲಸವನ್ನು ಇಲ್ಲಿ ವಿವರವಾಗಿ ಹೇಳುವುದು ಉಚಿತವೆಂದು ತೋರುತ್ತದೆ. ಏಕೆಂದರೆ ಇದನ್ನು ಯಾವ ಮನೆಯವರಾದರೂ ಮಾಡಬಹುದು.

ಮೊದಲ ಭಾನುವಾರ ಬರಿಯ ತಂಬೂರಿಯ ಶ್ರುತಿಯನ್ನು ಫೋನಿನಿಂದ ಹಾಕಿ ಅತ್ತೆಯವರಿಂದ ಹಾಡಿಸಿದನು. ಅವರಿಗೆ ಒಪ್ಪಿದ್ದು ನಾಲ್ಕು ಮನೆಯ ಶ್ರುತಿ. ಪಲ್ಲವಿಯನ್ನೂ ಎರಡು ಚರಣಗಳನ್ನೂ ಹಾಡಿದರು. ಮೂರನೆಯ ಚರಣ ನೆನಪಿಗೆ ಬರಲಿಲ್ಲ. ಹಾಡಿನ ಪುಸ್ತಕ ತೊಟ್ಟಿಮನೆ ಕೆಡವುವಾಗ ಎಲ್ಲಿಯೋ ಹೋಗಿತ್ತು. ಎರಡನೆಯ ಭಾನುವಾರದ ಹೊತ್ತಿಗೆ ಅಚ್ಚಾದ 'ಕೈವಲ್ಯ ಕಲ್ಪವಲ್ಲರಿ'ಯ ಪ್ರತಿಯೊಂದನ್ನು ಬೆಂಗಳೂರಿನಿಂದ ತಂದನು. ಅದರಲ್ಲಿ ಪದ ಪೂರ್ತಿಯಾಗಿ ಇತ್ತು, ಮೇಲೆ ರಾಗದ ಹೆಸರೂ ಇತ್ತು. ಆದರೆ ಅತ್ತೆಯವರು ಹಾಡುವುದು ಆ ರಾಗವಲ್ಲ! ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರೂ ಹೌದೆಂದರು. ಯಾರು ಯಾವಾಗ ಬದಲಾಯಿಸಿದರೋ ತಿಳಿಯದು. ಹುಡುಗ ಯಾವುದು ಸರಿ ಎಂದು ಕೇಳಿದನು. ಅತ್ತೆಯವರು, “ಪುಸ್ತಕದ್ದು ಪುಸ್ತಕದಲ್ಲಿ ಇದೆಯಲ್ಲ, ಅದು ಎಲ್ಲಿಗೂ ಹೋಗಲ್ಲ. ನಂದು ಮಾತ್ರ ಹಿಡಕೋ” ಎಂದರು. ಇದಕ್ಕಿಂತ ಹೆಚ್ಚಿನ ಶಾಸ್ತ್ರವನ್ನು ಯಾವ ವಿದ್ವಾಂಸರು ಹೇಳಿಯಾರು?

ಟ್ರ್ಯಾಕ್ ಮಾಡಲು ಕುಳಿತಾಗ ನಿಜವಾದ ತೊಡಕು ಎದುರಾಯಿತು. ಹುಡುಗ ಗಣಕದಲ್ಲಿ ಒಂದು ಲಯವನ್ನು ಗೊತ್ತುಮಾಡಿ, ಅದಕ್ಕೆ ಸರಿಯಾಗಿ ಹಾರ್ಮೋನಿಯಂ, ತಬಲಾ, ತಾಳಗಳನ್ನು ನುಡಿಸಿ ತುಂಬಿದನು. ಅತ್ತೆಯವರು ಅದರೊಡನೆ ಹಾಡಲು ಹೋದರೆ ಹಿಂದಿನಂತೆಯೇ ಆಯಿತು. ಅವರು ಪ್ರತಿ ಸಾಲಿನ ಕೊನೆಯಲ್ಲಿಯೂ ಸ್ವಲ್ಪ ತಡೆಯುತ್ತಾರೆ. ಆ ತಡೆ ಎಲ್ಲ ಸಾಲುಗಳಲ್ಲಿಯೂ ಒಂದೇ ಅಲ್ಲ. ಹುಡುಗ ಎರಡು ಗಂಟೆ ಹೆಣಗಿ ಸೋತನು. ಕೊನೆಗೆ ಹಾರ್ಮೋನಿಯಂ ಹಿರಿಯರೇ ದಾರಿ ತೋರಿಸಿದರು. ಅತ್ತೆಯವರನ್ನು ಒಳಕೋಣೆಯಲ್ಲಿ ಕೂರಿಸಿ ಅವರ ಮುಂದೆ ಒಂದು ಮೈಕು ಇಡುವುದು. ವಾದ್ಯದವರು ಹೊರಗಿನ ಹಜಾರದಲ್ಲಿ ಕುಳಿತು ಅವರ ಹಾಡನ್ನು ಕಿವಿಗೆ ಹಾಕಿಕೊಂಡ ಇಯರ್‌ಫೋನಿನಲ್ಲಿ ಕೇಳುತ್ತ, ಅವರನ್ನು ಅನುಸರಿಸಿ ನುಡಿಸುವುದು. ದನಿ ಒಂದು ಕಡೆ, ವಾದ್ಯ ಇನ್ನೊಂದು ಕಡೆ ಬೇರೆ ಬೇರೆಯಾಗಿ ಮುದ್ರಣವಾಗುವುದು. ಭಜನೆಯಲ್ಲಿ ಐವತ್ತು ವರ್ಷ ಮಾಡಿದ್ದು ಅದೇ ತಾನೇ! ಮೂರನೆಯ ಭಾನುವಾರ ಹೀಗೆ ಮಾಡಿದಾಗ ಎರಡನೆಯ ಪ್ರಯತ್ನಕ್ಕೇ ಕೆಲಸ ಕೈಗೂಡಿತು. ಕೋಬೆಯ ಆ ವಾದ್ಯಗಾರರು ಮೊದಲ ಟೇಪನ್ನು ಒಬ್ಬನ ಕಂಠಕ್ಕಾಗಿ ಮಾಡಿದಂತೆಯೇ ಇದೂ ಆಯಿತು.

ಒಂದು ಕೊರತೆ ಮಾತ್ರ ಉಳಿಯಿತು. ಪುಸ್ತಕದಿಂದ ಮೂರನೆಯ ಚರಣದ ಮಾತುಗಳು ದೊರೆತರೂ ಅದರ ಎತ್ತುಗಡೆ ಬೇರೆಯಾಗಿತ್ತೆಂದು ಅತ್ತೆಯವರಿಗೆ ನೆನಪಿತ್ತು. ಹೇಗೆಂಬುದು ನೆನಪಿರಲಿಲ್ಲ. ಅದನ್ನು ಬಲ್ಲವರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಹುಡುಗ, “ಎರಡನೇ ಚರಣದ ಹಾಗೇ ಹೇಳಿಬಿಡು ಅಜ್ಜಿ, ಯಾರಿಗೆ ತಿಳಿಯುತ್ತೆ?” ಎಂದನು. ಅವರು ಒಪ್ಪಲಿಲ್ಲ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬಿಡು” ಎಂದುಬಿಟ್ಟರು. ಎರಡು ವರ್ಷ ಮೊದಲೇ ಈ ಕೆಲಸಕ್ಕೆ ಕುಳಿತಿದ್ದರೆ ಆ ಚರಣವೂ ಸಿಕ್ಕುತ್ತಿತ್ತು. ಈ ಅಂಕಣವನ್ನು ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಈ ಒಂದು ನೋವು.

ಆದಕಾರಣ ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ಮತ್ತು ಯುವಕರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಮೊದಲು ಅವರು ಬಲ್ಲ ಹಾಡುಗಳ ಪಟ್ಟಿಯೊಂದನ್ನು ಬರೆದುಕೊಳ್ಳಿ. ಬೀಸುವ ಪದ, ತೊಟ್ಟಿಲ ಪದ, ಭಜನೆಯ ಪದ, ಯಾವುದನ್ನೂ ಬಿಡಬೇಡಿ. ಧ್ವನಿಮುದ್ರಣಕ್ಕೆ ಇಂದಿನ ಸಾಮಾನ್ಯ ಫೋನೇ ಸಾಕು. ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ, ಫೋನನ್ನು ಒಂದು ಮೊಳ ದೂರದಲ್ಲಿಟ್ಟು ಹಾಡಿಸಿ. ಮೊದಲು ವಾದ್ಯವಿಲ್ಲದೆ ಒಮ್ಮೆ, ಅನಂತರ ಶ್ರುತಿಯೊಡನೆ ಒಮ್ಮೆ. ಹಾಡಿನ ಕೊನೆಯಲ್ಲಿ ಹಾಡಿದವರ ಹೆಸರು, ಊರು, ಯಾರಿಂದ ಕಲಿತರೆಂಬುದು, ದಿನಾಂಕ ಇವನ್ನು ಅವರ ಬಾಯಿಂದಲೇ ಹೇಳಿಸಿ. ಒಂದು ಪ್ರತಿಯನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಬೇರೆ ಎರಡು ಕಡೆ ಇಡಿ. ಟ್ರ್ಯಾಕ್ ಮಾಡುವುದಾದರೆ ಹಿರಿಯರನ್ನು ಯಂತ್ರದ ಹಿಂದೆ ಓಡಿಸದೆ ವಾದ್ಯವನ್ನು ಅವರ ಹಿಂದೆ ನಡೆಸಿ. ಮಕ್ಕಳು ಹಾಡುವಾಗ ಶ್ರುತಿಯನ್ನು ಏರಿಸಿಕೊಳ್ಳಲು ಪೆಟ್ಟಿಗೆಯಲ್ಲಿ ಗುಂಡಿ ಇರುತ್ತದೆ. ಒಂದೆರಡು ಮನೆ ಏರಿಸಿದರೆ ತೊಂದರೆಯಿಲ್ಲ, ತೀರ ಹೆಚ್ಚು ಏರಿಸಿದರೆ ವಾದ್ಯದ ದನಿ ಕೆಡುತ್ತದೆ. ಮಠಗಳೂ ಅಕ್ಕನ ಬಳಗಗಳೂ ವರ್ಷಕ್ಕೆ ಹತ್ತು ಹೊಸ ವಚನಗಳಿಗೆ ಸರಳವಾದ ಧಾಟಿ ಹಾಕಿಸಿ, ಎಲ್ಲರೂ ಬಳಸಬಹುದೆಂದು ಸಂಯೋಜಕರಿಂದಲೇ ಬರೆಸಿಕೊಂಡು ಹಂಚಿದರೆ, ಹತ್ತು ವರ್ಷದಲ್ಲಿ ನೂರು ವಚನಗಳಾಗುತ್ತವೆ. ಇಪ್ಪತ್ತು ಸಾವಿರದಲ್ಲಿ ನೂರು ಅಲ್ಪವೇ. ಆದರೂ ಈಗಿರುವುದಕ್ಕಿಂತ ಅಧಿಕ.

ಮೊನ್ನೆಯ ಶಿವರಾತ್ರಿಯ ಜಾಗರಣೆಗೆ ಮತ್ತೆ ಕೂಟಗಲ್ಲಿಗೆ ಹೋಗಿದ್ದೆ. ಅದೇ ಅಂಗಳದಲ್ಲಿ ಅದೇ ಪೆಟ್ಟಿಗೆಯನ್ನು ಇಟ್ಟಿದ್ದರು. ಅತ್ತೆಯವರ ಮರಿಮಗಳು, ಹನ್ನೊಂದು ವರ್ಷದ ಹುಡುಗಿ, ಆ ಟ್ರ್ಯಾಕನ್ನು ಒಂದೂವರೆ ಮನೆ ಏರಿಸಿಕೊಂಡು ಹಾಡಿದಳು. ಅಜ್ಜಿ ತಡೆಯುವ ಕಡೆ ವಾದ್ಯವೂ ತಡೆಯುತ್ತಿತ್ತು, ಮಗುವೂ ತಡೆಯುತ್ತಿತ್ತು. ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿಯೇ ಅವಳೂ ಉಸಿರು ತೆಗೆದುಕೊಂಡಳು. ಎರಡು ಚರಣ ಮುಗಿದ ಮೇಲೆ ಹಾಡು ನಿಂತಿತು. ಮೂರನೆಯ ಚರಣವನ್ನು ಮಗು ಹಾಡಲಿಲ್ಲ, ಪುಸ್ತಕ ನೋಡಿ ನಿಧಾನವಾಗಿ ಓದಿದಳು.

ಅತ್ತೆಯವರು ಗೋಡೆಗೆ ಒರಗಿ ಕಣ್ಣುಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ, “ಈಗ ಕಾಯುತ್ತೆ ಕಣಪ್ಪ” ಎಂದರು.